ಟಿಕೀಟಿನ ಕಿಟಕಿಯ ಮುಂದೆ

ಮೈಸೂರಿಗೆ ಹೋದವರು ಅರಮನೆಯನ್ನು ನೋಡುವರು, ಚಾಮುಂಡಿಬೆಟ್ಟವನ್ನು ಏರುವರು. ಜೊತೆಯಲ್ಲಿ ಮಕ್ಕಳಿದ್ದರಂತೂ ಮೃಗಾಲಯವನ್ನು ನೋಡದೆ ಹಿಂದಿರುಗುವ ಧೈರ್ಯ ಯಾರಿಗೂ ಇರಲಾರದು. ಆದರೆ ಆ ಮೃಗಾಲಯದ ಹೆಬ್ಬಾಗಿಲಿನಲ್ಲಿ ಟಿಕೀಟು ಕೊಡುವ ಕಿಟಕಿಯನ್ನು ನೋಡುವುದಕ್ಕೆಂದೇ ಒಬ್ಬನು ನಿಂತನೆಂದರೆ ವಾಚಕರು ನಗದಿರಲಾರರು. ಮೊಮ್ಮಗಳು ಬೆರಳು ಹಿಡಿದು ಎಳೆಯುತ್ತಿದ್ದರೂ ನಾನು ನಿಂತೆನು. ಅದಕ್ಕೆ ಕಾರಣವುಂಟು. ಇಂತಹುದೇ ಒಂದು ಕಿಟಕಿಯ ಹಿಂದೆ ನಾನು ನನ್ನ ಆಯುಷ್ಯದ ಮೂವತ್ತನಾಲ್ಕು ವರ್ಷಗಳನ್ನು ಕಳೆದವನು.

ಈ ಮೃಗಾಲಯವು 1892ರಲ್ಲಿ ಹತ್ತನೆಯ ಚಾಮರಾಜ ಒಡೆಯರವರ ಕಾಲದಲ್ಲಿ ಹತ್ತು ಎಕರೆಗಳ ಸಣ್ಣ ತೋಟವಾಗಿ ಆರಂಭವಾಯಿತು. ಜರ್ಮನಿಯಿಂದ ಬಂದ ಕ್ರುಂಬಿಗಲ್ ಮಹಾಶಯರ ಕೈಯಲ್ಲಿ ಅದರ ಉದ್ಯಾನವು ರೂಪುಗೊಂಡಿತು. ಇಂದು ಅದು ಸುಮಾರು ಎಂಬತ್ತು ಎಕರೆಗಳಷ್ಟು ಬೆಳೆದು ನಿಂತಿದೆ. ಪಕ್ಕದಲ್ಲಿ ಕಾರಂಜಿಕೆರೆಯೂ ಉಂಟು. ಪ್ರಾಣಿಗಳ ವರ್ಣನೆಯನ್ನು ನಾನು ಮಾಡಹೊರಟಿಲ್ಲ. ಅದನ್ನು ಹುಡುಗರೇ ಹೆಚ್ಚು ಚೆನ್ನಾಗಿ ಮಾಡಬಲ್ಲರು. ಹೇಳಬೇಕಾದುದು ಇಷ್ಟು: ಮಹಾರಾಜರ ಕಾಲದಲ್ಲಿ ಹುಲಿಯ ಮಾಂಸಕ್ಕೂ ಆನೆಯ ಮೇವಿಗೂ ಅರಮನೆಯ ಆಶ್ರಯವಿದ್ದಿತು. ಈಗ ಇದು 1979ರಲ್ಲಿ ಸ್ಥಾಪಿತವಾದ ಕರ್ನಾಟಕ ಮೃಗಾಲಯ ಪ್ರಾಧಿಕಾರದ ಆಡಳಿತಕ್ಕೆ ಸೇರಿದ್ದು, ಆ ಮೇವು ಬಹುಮಟ್ಟಿಗೆ ನಮ್ಮ ನಿಮ್ಮ ಟಿಕೀಟಿನ ಹಣದಿಂದಲೇ ಬರಬೇಕು. ಕಿಟಕಿಯ ಲೆಕ್ಕ ತಪ್ಪಿದರೆ ಅದರ ಬಿಸಿ ದೊಡ್ಡಿಯವರೆಗೂ ಮುಟ್ಟುವುದು.

ನಾನು ಕೆಲಸ ಮಾಡಿದ್ದು ಇಲ್ಲಲ್ಲ. ಬೇರೊಂದು ಊರಿನ ಪ್ರೇಕ್ಷಣೀಯ ತೋಟದಲ್ಲಿ. 1984ರಲ್ಲಿ ನಾನು ಸೇರಿದಾಗ ನಮ್ಮ ಪದ್ಧತಿ ಬಹು ಸರಳವಾಗಿತ್ತು. ಅಚ್ಚಾದ ಟಿಕೀಟಿನ ಪುಸ್ತಕಗಳು, ಒಂದೊಂದರಲ್ಲೂ ನೂರು ಹಾಳೆ, ಪ್ರತಿ ಹಾಳೆಗೂ ಕ್ರಮಸಂಖ್ಯೆ. ದೊಡ್ಡವರಿಗೆ ಬಿಳಿಯದು, ಮಕ್ಕಳಿಗೆ ಹಳದಿಯದು. ಬೆಳಿಗ್ಗೆ ಆರಂಭದ ಸಂಖ್ಯೆಯನ್ನು ಬರೆದುಕೊಳ್ಳುವುದು, ಸಂಜೆ ಮುಗಿದ ಸಂಖ್ಯೆಯನ್ನು ಬರೆಯುವುದು. ಒಂದರಿಂದೊಂದನ್ನು ಕಳೆದು ದರದಿಂದ ಗುಣಿಸಿದರೆ ಗಲ್ಲಾಪೆಟ್ಟಿಗೆಯಲ್ಲಿ ಇರಬೇಕಾದ ಹಣ ಬರುವುದು. ಅದನ್ನು ಖಿರ್ದಿಗೆ ಏರಿಸಿ, ಖಿರ್ದಿಯಿಂದ ಖಾತೆಗೆ ತಂದು, ಮರುದಿನ ಬ್ಯಾಂಕಿಗೆ ಕಟ್ಟಬೇಕು. ಶಿಲ್ಕು ಸರಿಹೊಂದಿದರೆ ಮನೆಗೆ ಹೋಗಬಹುದು.

1986ರ ದಸರೆಯ ರಜೆಯಲ್ಲಿ ಒಂದು ದಿನ ಶಿಲ್ಕು ಸರಿಹೊಂದಲಿಲ್ಲ. ಇನ್ನೂರು ರೂಪಾಯಿ ಕಡಮೆ. ಟಿಕೀಟಿನ ದರ ಎರಡು ರೂಪಾಯಿ, ನನ್ನ ತಿಂಗಳ ಸಂಬಳ ಸಾವಿರಕ್ಕೆ ಒಳಗೆ. ಮೂರು ಸಲ ಎಣಿಸಿದೆವು. ಮೇಲ್ವಿಚಾರಕರು ಗಟ್ಟಿಯಾಗಿ ಒಂದು ಮಾತನ್ನೂ ಆಡಲಿಲ್ಲ. "ಜನ ಬಹಳ ಇದ್ದರು, ಮರೆವು ಸಹಜ" ಎಂದಷ್ಟೆ ಹೇಳಿ ಎರಡು ಕಂತುಗಳಲ್ಲಿ ಸಂಬಳದಿಂದ ಮುರಿದುಕೊಂಡರು. ಆ ದಿನದಿಂದ ನನ್ನ ಪೆಟ್ಟಿಗೆಯನ್ನು ಇನ್ನೊಬ್ಬರ ಎದುರಿಗೇ ತೆರೆಯಬೇಕೆಂದು ಕಟ್ಟಳೆಯಾಯಿತು. ಮನೆಯಲ್ಲಿ ಹೆಂಡತಿಗೆ ಹೇಳಲು ನನಗೆ ನಾಲ್ಕು ದಿನ ಬೇಕಾಯಿತು. ಆಕೆ ಕೇಳಿದ್ದು ಒಂದೇ ಪ್ರಶ್ನೆ: "ನೀವು ತೆಗೆದುಕೊಂಡಿಲ್ಲವಷ್ಟೆ?" ಆ ಪ್ರಶ್ನೆಯನ್ನು ನಾನು ಇಂದಿಗೂ ಮರೆತಿಲ್ಲ.

ಮರುವರ್ಷ ಲೆಕ್ಕತಪಾಸಣೆಗೆ ಬಂದ ವೃದ್ಧರೊಬ್ಬರು, ಬೇರಾವುದೋ ಕಾರಣಕ್ಕಾಗಿ, ಹಳೆಯ ಪ್ರತಿಪತ್ರಗಳನ್ನು ಒಂದೊಂದಾಗಿ ಎಣಿಸುತ್ತ ಕುಳಿತರು. ಒಂದು ಪುಸ್ತಕದ ನಟ್ಟನಡುವೆ 4650ರ ಮುಂದಿನ ಹಾಳೆಯ ಸಂಖ್ಯೆ 4751 ಎಂದಿತ್ತು! ಅಚ್ಚುಕೂಟದಲ್ಲಿ ಅಂಕೆ ಹೊಡೆಯುವ ಯಂತ್ರದ ನೂರರ ಚಕ್ರವು ಒಂದು ಹಲ್ಲು ಹಾರಿತ್ತು. ಇಲ್ಲದ ನೂರು ಟಿಕೀಟುಗಳಿಗೆ ನಾನು ಹಣ ತೆತ್ತಿದ್ದೆನು. ಹಣ ಹಿಂದಕ್ಕೆ ಬಂದಿತು. ಪೆಟ್ಟಿಗೆಯ ಕಟ್ಟಳೆಯನ್ನು ರದ್ದುಪಡಿಸಲು ಮಾತ್ರ ಯಾರಿಗೂ ನೆನಪಾಗಲಿಲ್ಲ.

ಆದುದರಿಂದ ಹಣ ಎಣಿಸುವ ಯಂತ್ರಗಳ ವಿಷಯದಲ್ಲಿ ನನಗೆ ಸ್ವಲ್ಪ ಪಕ್ಷಪಾತವಿದೆ. ಅಮೆರಿಕಾ ದೇಶದ ಡೇಟನ್ ಎಂಬ ಊರಿನಲ್ಲಿ ಪಾನಗೃಹವನ್ನಿಟ್ಟಿದ್ದ ಜೇಮ್ಸ್ ರಿಟ್ಟಿ ಎಂಬಾತನು 1879ರಲ್ಲಿ ಇಂತಹ ಯಂತ್ರಕ್ಕೆ ಸ್ವಾಮ್ಯಪತ್ರವನ್ನು ಪಡೆದನು. ಹಡಗಿನಲ್ಲಿ ಪ್ರಯಾಣ ಮಾಡುವಾಗ ಚಾಲಕಚಕ್ರದ ಸುತ್ತುಗಳನ್ನು ಎಣಿಸುವ ಉಪಕರಣವನ್ನು ಕಂಡು ಅವನಿಗೆ ಆ ಯೋಚನೆ ಹೊಳೆಯಿತೆಂದು ಹೇಳುವರು. ಅವನ ಉದ್ದೇಶ ಕಳ್ಳ ನೌಕರರನ್ನು ಹಿಡಿಯುವುದು. ಪ್ರಾಮಾಣಿಕ ನೌಕರನಿಗೆ ಅದರಿಂದಾಗುವ ಉಪಕಾರವನ್ನು ಅವನು ಎಣಿಸಿದ್ದನೋ ಇಲ್ಲವೋ!

ನಮ್ಮ ತೋಟಕ್ಕೆ ಗಣಕಯಂತ್ರ ಬಂದಾಗ ಮೊದಲ ತಿಂಗಳು ಹಳೆಯ ಪುಸ್ತಕವನ್ನೂ ಹೊಸ ಯಂತ್ರವನ್ನೂ ಜೊತೆಜೊತೆಯಾಗಿ ನಡೆಯಿಸಿದೆವು. ಒಂದು ದಿನವೂ ಎರಡೂ ಒಪ್ಪಲಿಲ್ಲ. ಒಮ್ಮೆ ಮಗುವಿನ ಗುಂಡಿಯ ಬದಲು ದೊಡ್ಡವರದನ್ನು ಒತ್ತಿದ್ದು. ಒಮ್ಮೆ ರದ್ದು ಮಾಡಿದ ಟಿಕೀಟನ್ನು ಪುಸ್ತಕದಲ್ಲಿ ಮಾತ್ರ ಹೊಡೆದುಹಾಕಿದ್ದು. ಹತ್ತು ರೂಪಾಯಿಯ ವ್ಯತ್ಯಾಸಕ್ಕಾಗಿ ರಾತ್ರಿ ಒಂಬತ್ತರವರೆಗೆ ಕುಳಿತ ದಿನವೂ ಉಂಟು. ಹುಡುಗರು ಗೊಣಗಿದರು, ನಾನು ಗೊಣಗಲಿಲ್ಲ. ಆ ಯಂತ್ರವು ಟಿಕೀಟನ್ನು ಕೊಡುವ ಕ್ಷಣದಲ್ಲಿಯೇ ಅದಕ್ಕೆ ಸಂಖ್ಯೆಯನ್ನು ಕೊಡುತ್ತಿತ್ತು. ನೂರು ಸಂಖ್ಯೆಗಳನ್ನು ಹಾರಲು ಅದಕ್ಕೆ ಎಡೆಯಿರಲಿಲ್ಲ.

ಅನಂತರ ಬಂದ ಯು.ಪಿ.ಐ. ವ್ಯವಸ್ಥೆ, ಅಂದರೆ 2016ರಲ್ಲಿ ದೇಶದಲ್ಲಿ ಆರಂಭವಾದ ಮೊಬೈಲಿನ ಪಾವತಿ, ಬೇರೊಂದು ತೊಡಕನ್ನು ತಂದಿತು. ಮಾರಾಟ ಇಂದಿನದು, ಬ್ಯಾಂಕಿನಲ್ಲಿ ಜಮೆಯಾಗುವುದು ಕೆಲವೊಮ್ಮೆ ನಾಳೆ. ಆದುದರಿಂದ ರೊಕ್ಕದ ಶಿಲ್ಕನ್ನು ಬೇರೆ, ಬರಬೇಕಾದ ಹಣವನ್ನು ಬೇರೆ ಬರೆದು, ಮರುದಿನ ಬ್ಯಾಂಕಿನ ಪಟ್ಟಿಯೊಡನೆ ತಾಳೆ ನೋಡಬೇಕು. ಮೃಗಾಲಯದಂತಹ ಸ್ಥಳದಲ್ಲಿ ಬಾಬುಗಳೂ ಹಲವು: ಪ್ರವೇಶಕ್ಕೆ ಸರಕು ಮತ್ತು ಸೇವಾ ತೆರಿಗೆಯ ವಿನಾಯಿತಿಯುಂಟು, ಅಂಗಡಿಯಲ್ಲಿ ಕೊಳ್ಳುವ ಬೊಂಬೆಗೆ ತೆರಿಗೆಯುಂಟು. ಎಲ್ಲವನ್ನೂ ಒಂದೇ ಪೆಟ್ಟಿಗೆಗೆ ಹಾಕಿ ಸಂಜೆ ಹಂಚಿಕೊಳ್ಳುವ ಕಾಲ ಹೋಯಿತು.

ಇದಾವುದೂ ಹಣವನ್ನು ಹುಟ್ಟಿಸಲಾರದೆಂಬುದೂ ನಿಜ. 2017ರ ಜನವರಿಯಲ್ಲಿ ಹಕ್ಕಿಜ್ವರದ ನಿಮಿತ್ತ ಮೈಸೂರಿನ ಮೃಗಾಲಯವನ್ನು ಮುಚ್ಚಿದರು. 2020ರ ಮಾರ್ಚಿಯಲ್ಲಿ ಕೊರೋನಾ ಪಿಡುಗಿನಿಂದ ಪುನಃ ಮುಚ್ಚಿದ ಬಾಗಿಲು ಜೂನಿನಲ್ಲಿ ತೆರೆಯಿತು. ಕಿಟಕಿಯ ಜಮೆಯ ಕಡೆಯಲ್ಲಿ ಸೊನ್ನೆ. ಖರ್ಚಿನ ಕಡೆಯಲ್ಲಿ ಆನೆ, ಹುಲಿ, ಜಿರಾಫೆ ಎಂದಿನಂತೆಯೇ. ಆಗ ದಾನಿಗಳು, ಪ್ರಾಣಿಗಳನ್ನು ದತ್ತು ತೆಗೆದುಕೊಂಡವರು ಆದರು. ಆ ತಿಂಗಳುಗಳ ಖಾತೆಯನ್ನು ಬರೆದ ಗುಮಾಸ್ತರ ಮನಸ್ಸನ್ನು ನಾನು ಊಹಿಸಬಲ್ಲೆನು.

ಇಷ್ಟು ಹೊತ್ತಿಗೆ ಸರದಿ ನಮ್ಮ ಹತ್ತಿರಕ್ಕೆ ಬಂದಿತ್ತು. ನಮ್ಮ ಮುಂದಿದ್ದ ಹಳ್ಳಿಯ ಹೆಂಗಸು ಸೆರಗಿನ ಗಂಟನ್ನು ಬಿಚ್ಚಿ ಮಡಿಚಿದ ನೋಟುಗಳನ್ನು ತೆಗೆದಳು. ಅವಳ ಹಿಂದಿನ ಯುವಕನೊಬ್ಬನು ಮೊಬೈಲನ್ನು ಆಗಲೇ ಕೈಯಲ್ಲಿ ಹಿಡಿದು ಚಡಪಡಿಸುತ್ತಿದ್ದನು. ಕಿಟಕಿಯ ಒಳಗಿದ್ದ ಹುಡುಗಿ ಆ ನೋಟುಗಳನ್ನು ಸಾವಧಾನವಾಗಿ ಎರಡು ಸಲ ಎಣಿಸಿದಳು. ನಾನೂ ನೋಟನ್ನೇ ಕೊಟ್ಟೆನು. ಅದನ್ನೂ ಆಕೆ ಎರಡು ಸಲ ಎಣಿಸಿದಳು. ಟಿಕೀಟು ಕೈಗೆ ಬಂದೊಡನೆ ಕನ್ನಡಕವನ್ನು ಸರಿಪಡಿಸಿಕೊಂಡು ಅಂಕೆಗಳನ್ನು ಹುಡುಕತೊಡಗಿದೆನು.

"ತಾತ, ಅದರಲ್ಲಿ ಏನು ಓದುತ್ತೀ? ಜಿರಾಫೆ ಆ ಕಡೆ ಇದೆ" ಎಂದು ಮೊಮ್ಮಗಳು ನನ್ನನ್ನು ಒಳಕ್ಕೆ ಎಳೆದುಕೊಂಡು ಹೋದಳು.