ಮಗಳು ರಜೆಗೆ ಬರುತ್ತಾಳೆ

ವಿದೇಶದ ಪ್ರಯೋಗಶಾಲೆಯಲ್ಲಿರುವ ಮಗಳು ಹದಿನೈದು ದಿನದ ರಜೆಗೆ ತುಮಕೂರಿನ ಶೆಟ್ಟಿಹಳ್ಳಿಗೆ ಬರುತ್ತೇನೆಂದಿದ್ದಾಳೆಯೇ? ಸಡಗರದಲ್ಲಿ ತಿರುಗಾಟದ ಪಟ್ಟಿ ಉದ್ದ ಮಾಡಬೇಡಿ, ತಾಯಂದಿರೇ! ಬೆಂಗಳೂರಿನಲ್ಲಿ ವಿಮಾನವಿಳಿದು ಬಂದವಳಿಗೆ ಮೊದಲೆರಡು ದಿನ ಹಗಲೇ ರಾತ್ರಿ. ನಿದ್ದೆ ಮಾಡಲಿ ಬಿಡಿ. ನೆಂಟರಿಷ್ಟರ ಮನೆಯ ಊಟ ಆಮೇಲಾಗಲಿ.

ಒಂದು ಬೆಳಿಗ್ಗೆ ಕ್ಯಾತ್ಸಂದ್ರದ ತಟ್ಟೆ ಇಡ್ಲಿ ತಿಂದು ಸಿದ್ಧಗಂಗೆಗೆ ಹೋಗಿ ಬನ್ನಿ. ಇನ್ನೊಂದು ದಿನ ಕುಣಿಗಲ್ ರಸ್ತೆ ಹಿಡಿದು ಗೂಳೂರಿನ ಪಕ್ಕದ ಕೈದಾಳಕ್ಕೆ. ಕಾರ್ತಿಕ ಮಾಸವಾದರೆ ಗೂಳೂರಿನ ದೊಡ್ಡ ಮಣ್ಣಿನ ಗಣಪನ ದರ್ಶನವೂ ಆದೀತು. ಕೈದಾಳದ ಚೆನ್ನಕೇಶವನ ಗುಡಿ 12ನೆಯ ಶತಮಾನದ್ದು. ಜಕಣಾಚಾರಿ ಹುಟ್ಟಿದೂರು ಇದೇ ಎನ್ನುತ್ತದೆ ಐತಿಹ್ಯ. ಕಲೆಯ ಗುಂಗಿನಲ್ಲಿ ಮನೆ ಬಿಟ್ಟು ಹೋದವನಿಗೆ, ಎದುರು ಬಂದು ನಿಂತ ಸ್ವಂತ ಮಗನ ಗುರುತೇ ಹತ್ತಲಿಲ್ಲವಂತೆ. ಕಳೆದುಕೊಂಡ ಕೈ ಮರಳಿ ಬಂದದ್ದು ತನ್ನೂರಿನಲ್ಲಿ ಗುಡಿ ಕಟ್ಟಿದ ಮೇಲೆ.

ಕಥೆ ಹೇಳಿ, "ನೀನೂ ಹಾಗೇ" ಎಂದು ಮಾತ್ರ ಚುಚ್ಚಬೇಡಿ. ಅವಳ ಕೆಲಸವೂ ತಪಸ್ಸೇ. ಆದರೆ ನಿಮ್ಮ ಮಂಡಿನೋವು, ಅವರಪ್ಪನ ಮರೆವು, ಫೋನಿನಲ್ಲಿ ಮುಚ್ಚಿಟ್ಟದ್ದನ್ನೆಲ್ಲ ಈಗಲಾದರೂ ಹೇಳಿಬಿಡಿ. ಹೊರಡುವ ಹಿಂದಿನ ದಿನವಲ್ಲ. ನಡುವೆಯೇ ಒಂದು ಇಡೀ ದಿನ ಎಲ್ಲಿಗೂ ಹೋಗದೆ, ಅಡುಗೆಮನೆಯಲ್ಲಿ ಅವಳನ್ನು ಪಕ್ಕಕ್ಕೆ ಕೂರಿಸಿಕೊಂಡು. ಅವಳಿಗೂ ಅದೇ ನಿಜವಾದ ರಜೆ.