ಸೊನ್ನೆಗಿಂತ ಎರಡು ಗೀಟು ಕೆಳಗೆ

ಎಂಟನೇ ಕ್ಲಾಸಿನ ವಿಜ್ಞಾನದ ಪುಸ್ತಕ ‘ಸ್ವಲ್ಪ ಮಂಜುಗಡ್ಡೆ ತೆಗೆದುಕೊಳ್ಳಿ’ ಎಂದು ಹೇಳಿ ಕೈತೊಳೆದುಕೊಂಡಿತ್ತು. ಎಲ್ಲಿಂದ ಅಂತ ಹೇಳಿರಲಿಲ್ಲ. ಆಗುಂಬೆಯಿಂದ ಈಚೆಗಿದ್ದ ನಮ್ಮೂರಿನಲ್ಲಿ 1986ರಲ್ಲಿ ಫ್ರಿಜ್ಜು ಇದ್ದದ್ದು ಕ್ಯಾಲೆಂಡರಿನ ಚಿತ್ರದಲ್ಲಿ ಮಾತ್ರ. ದ್ರವಕ್ಕೆ ಮಲೆನಾಡಿನಲ್ಲಿ ಬರವಿಲ್ಲ, ಅದನ್ನೇ ಕಾಸಿದರೆ ಅನಿಲವೂ ಸಿಕ್ಕೀತು. ಘನ ಹುಟ್ಟಿಸುವುದೇ ಕಷ್ಟ.

ಕೊನೆಗೆ ಕೈಹಿಡಿದವರು ಮೀನಿನ ಸಾಯ್ಬರು. ಮಲ್ಪೆಯಲ್ಲಿ ಐಸು ಹಾಕಿ ಕಟ್ಟಿದ ಬಂಗುಡೆ, ಘಾಟಿಯ ಹದಿನಾಲ್ಕು ತಿರುವು ಹತ್ತಿ, ಪೇಟೆಯಲ್ಲಿ ಇಳಿದು, ಅವರ ಸೈಕಲ್ಲಿನ ಬುಟ್ಟಿಯಲ್ಲಿ ನಮ್ಮೂರು ಮುಟ್ಟುತ್ತಿತ್ತು. ಮೇಷ್ಟ್ರು ನನ್ನ ಕೈಗೆ ಅಲ್ಯೂಮಿನಿಯಂ ಪಾತ್ರೆ ಕೊಟ್ಟು ಶಾಲೆಯ ಗೇಟಿನಲ್ಲಿ ನಿಲ್ಲಿಸಿದರು. “ಶಾಲೆಗಾ? ದುಡ್ಡು ಬೇಡ ಮಾರಾಯ” ಎಂದ ಸಾಯ್ಬರು ಬುಟ್ಟಿಯ ತಳದಿಂದ ಎರಡು ಬೊಗಸೆ ಬಳಿದು ಹಾಕಿದರು. ಐಸಿನ ನಡುವೆ ನಾಲ್ಕೈದು ಮೀನಿನ ಹುರುಪೆ ಬೆಳ್ಳಿಯ ಹಾಗೆ ಮಿನುಗುತ್ತಿದ್ದವು. ತೊಳೆಯಲು ಹೊರಟರೆ ಮೇಷ್ಟ್ರು ಗದರಿದರು, “ಬೇಡ, ಕರಗ್ತದೆ!”

ಶಾಲೆಗಿದ್ದ ಒಂದೇ ಒಂದು ಬೀಕರಿಗೆ ಅದನ್ನು ಸುರಿದು ಥರ್ಮಾಮೀಟರ್ ಇಳಿಬಿಟ್ಟರು. ನಿಮಿಷಕ್ಕೊಮ್ಮೆ ಓದಿ ಹೇಳುವ ಕೆಲಸ ನನಗೆ. ಕಣ್ಣು ಚುರುಕು ಅಂತಲ್ಲ, ವಾಸನೆಗೆ ಹೆದರದವನು ಅಂತ.

“ಎಷ್ಟೋ?”

“ಮೈನಸ್ ಎರಡು, ಸಾರ್.”

“ಸರಿಯಾಗಿ ನೋಡೋ.”

ನೋಡಿದೆ. ಪಾದರಸ ಸೊನ್ನೆಗಿಂತ ಎರಡು ಗೀಟು ಕೆಳಗೇ ಕೂತಿತ್ತು. ಮೇಷ್ಟ್ರು ಕನ್ನಡಕ ಹಣೆಗೇರಿಸಿ ತಾವೇ ಬಗ್ಗಿ ನೋಡಿದರು. ಮಾತಾಡಲಿಲ್ಲ. ಸ್ಪಿರಿಟ್ ದೀಪ ಹಚ್ಚಿದರು. ದೀಪ ಉರಿದದ್ದೇ ಉರಿದದ್ದು, ಪಾದರಸ ಹೆಚ್ಚುಕಡಿಮೆ ಅಲ್ಲೇ. ಒಂದು ಗ್ರಾಂ ಮಂಜು ಕರಗುವಷ್ಟರಲ್ಲಿ 80 ಕ್ಯಾಲೊರಿ ಶಾಖ ನುಂಗುತ್ತದಂತೆ. ನುಂಗಿದ್ದನ್ನು, ಕದ್ದು ಬೆಲ್ಲ ತಿಂದ ಹುಡುಗನ ಹಾಗೆ, ಥರ್ಮಾಮೀಟರಿನ ಮುಂದೆ ಬಾಯಿ ಬಿಡುವುದಿಲ್ಲ. ಅದಕ್ಕೇ ಗುಪ್ತೋಷ್ಣ ಎಂಬ ಹೆಸರು.

ಅನಿಲದ ಪಾಠಕ್ಕೆ ಮಾತ್ರ ವಿವರಣೆ ಬೇಕಾಗಲಿಲ್ಲ. ನೀರು ಬಿಸಿಯಾಗುತ್ತಿದ್ದಂತೆ ಬಂಗುಡೆಯ ಆತ್ಮ ಬೀಕರಿನಿಂದ ಎದ್ದಿತು. ಅನಿಲಕ್ಕೆ ಆಕಾರವಿಲ್ಲ, ಗಾತ್ರವಿಲ್ಲ, ಸಿಕ್ಕ ಜಾಗವನ್ನೆಲ್ಲ ತುಂಬುತ್ತದೆ ಎಂಬ ಮಾತು ಮೊದಲು ಮುಂದಿನ ಬೆಂಚಿನ ಭಟ್ಟರ ಮನೆ ಹುಡುಗಿಗೆ, ಆಮೇಲೆ ಪಕ್ಕದ ಏಳನೇ ಕ್ಲಾಸಿಗೆ, ಕೊನೆಗೆ ಹೆಡ್‌ಮೇಷ್ಟ್ರ ಕೋಣೆಗೂ ಮನದಟ್ಟಾಯಿತು. ಹೆಡ್‌ಮೇಷ್ಟ್ರು ಬಾಗಿಲಲ್ಲಿ ನಿಂತು, “ಪ್ರಯೋಗವೋ, ಅಡಿಗೆಯೋ?” ಎಂದರು.

ನೀರು ತಳಮಳ ಕುದಿಯಿತು. ನಾನು ಅಳುಕುತ್ತಲೇ ಹೇಳಿದೆ, “ತೊಂಬತ್ತೆಂಟು, ಸಾರ್. ಮೇಲೇರ್ತಾನೇ ಇಲ್ಲ.”

ಮೇಷ್ಟ್ರ ಮುಖ ಅರಳಿತು. ಕೆಳಗೂ ಎರಡು ಕಮ್ಮಿ, ಮೇಲೂ ಎರಡು ಕಮ್ಮಿ! “ಥರ್ಮಾಮೀಟರಿಗೇ ಎರಡು ಡಿಗ್ರಿ ಕೊರತೆ ಇದೆ ಕಣ್ರೋ. ಬರ್ಕೊಳ್ಳಿ: ಸೊನ್ನೆ, ನೂರು.” ಇಷ್ಟು ಅಚ್ಚುಕಟ್ಟಾದ ತರ್ಕವನ್ನು ಆಮೇಲೆ ದೊಡ್ಡ ದೊಡ್ಡವರ ಬಾಯಲ್ಲೂ ನಾನು ಕೇಳಿದ್ದು ಕಡಿಮೆ. ಆರೋಪಿ ಹತ್ತಿ ಸುತ್ತಿಸಿಕೊಂಡು ಪೆಟ್ಟಿಗೆ ಸೇರಿತು.

ಪಿಯುಸಿಗೆ ಬಂದ ಮೇಲೆ ಒಂದು ದಿನ ಹೊಳೆಯಿತು. ಉಪ್ಪು ಬೆರೆತರೆ ಮಂಜು ಸೊನ್ನೆಗಿಂತ ಕೆಳಗೇ ಕರಗುತ್ತದೆ. ಸಮುದ್ರದ ನೀರು ಹೆಪ್ಪುಗಟ್ಟುವುದೇ ಮೈನಸ್ ಎರಡರ ಆಸುಪಾಸಿನಲ್ಲಿ. ಸಾಯ್ಬರ ಬುಟ್ಟಿಯ ತಳದಲ್ಲಿ ಉಪ್ಪಿಗೇನು ಕೊರತೆ! ಇನ್ನು ಎತ್ತರ ಏರಿದಂತೆ, 300 ಮೀಟರಿಗೆ ಸುಮಾರು ಒಂದು ಡಿಗ್ರಿಯಂತೆ, ನೀರು ಬೇಗ ಕುದಿಯುತ್ತದೆ. ನಮ್ಮೂರಿರುವುದು ಹೆಚ್ಚುಕಡಿಮೆ 600 ಮೀಟರ್ ಎತ್ತರದಲ್ಲಿ. ಆ ಬಡಪಾಯಿ ಎರಡು ಸಲವೂ ನಿಜವನ್ನೇ ನುಡಿದಿತ್ತು. ಮೊದಲು ಕಡಲಿನ ಸುದ್ದಿ, ಆಮೇಲೆ ಬೆಟ್ಟದ ಸುದ್ದಿ.

ಹೇಳೋಣವೆಂದು ಶಾಲೆಗೆ ಓಡಿದೆ. ಮೇಷ್ಟ್ರು ಬಯಲುಸೀಮೆಗೆ ವರ್ಗವಾಗಿ ವರ್ಷ ಕಳೆದಿತ್ತು.

ಮೊನ್ನೆ ಅಟ್ಟ ಗುಡಿಸುವಾಗ ಆ ಪ್ರಯೋಗದ ಪುಸ್ತಕ ಸಿಕ್ಕಿತು. ದುಂಡನೆಯ ಸೊನ್ನೆಯ ಕೆಳಗೆ, ರಬ್ಬರಿನಿಂದ ಉಜ್ಜಿ ಕಾಗದ ಸವೆದ ಜಾಗದಲ್ಲಿ, ಮೈನಸ್ ಎರಡು ಇನ್ನೂ ಮಸುಕಾಗಿ ಕಾಣುತ್ತದೆ. ಪಕ್ಕದಲ್ಲಿ ಕೆಂಪು ಶಾಯಿಯ ಅಂಕ: ಹತ್ತಕ್ಕೆ ಎಂಟು. ಎರಡು ಯಾಕೆ ಕಮ್ಮಿ ಅಂತ ಆಗ ಕೇಳಬೇಕಿತ್ತು.