ಮೂರು ಮಿಲಿಮೀಟರಿನ ಮಾತು

ಆರ್.ಟಿ. ನಗರ, ಬೆಂಗಳೂರು

ಪ್ರೀತಿಯ ಪುಟ್ಟಿ,

ನೀನು ಕಳಿಸಿದ ಕಾರಿನ ಸ್ಪ್ರಿಂಗ್‌ಗಳ ಫೋಟೊ, ಬೆಲೆಪಟ್ಟಿ ಎರಡನ್ನೂ ನೋಡಿದೆ. "ಮೂವತ್ತು ಮಿಲಿಮೀಟರ್ ತಗ್ಗುತ್ತೆ ಅಪ್ಪ, ಶಾಕ್ ಹಳೇದೇ ಇರಲಿ, ಆಮೇಲೆ ನೋಡೋಣ" ಅಂತ ಬರೆದಿದ್ದೀಯ. ದಸರಾಕ್ಕೆ ಬಂದಾಗ ಕೂಡಿಸಿಬಿಡೋಣ ಅಂತಲೂ. ಆರ್ಡರ್ ಮಾಡುವ ಮೊದಲು ಇದನ್ನು ಪೂರ್ತಿ ಓದು. ಬೇಡ ಅನ್ನುವುದಕ್ಕೆ ಬರೆಯುತ್ತಿಲ್ಲ. ಕಾರಿನ ಕೆಳಗೆ ತೂರಿ ಕೆಲಸ ಮಾಡುವ ಮಗಳು ಇರುವುದು ನನಗೆ ಎಷ್ಟು ಹೆಮ್ಮೆಯೋ ನಿನಗೇ ಗೊತ್ತು. ಆದರೆ ಶಾಕ್ ಅಬ್ಸಾರ್ಬರನ್ನು ಆಮೇಲಕ್ಕೆ ತಳ್ಳಿದ್ದೀಯಲ್ಲ, ಅಲ್ಲೇ ನನ್ನ ತಕರಾರು.

ನಿನ್ನ ದೂರಿನಿಂದಲೇ ಶುರುಮಾಡುತ್ತೇನೆ. ಯುಗಾದಿಗೆ ಬಂದಿದ್ದಾಗ, ಹೆಬ್ಬಾಳ ದಾಟಿ ಏರ್‌ಪೋರ್ಟ್ ಕಡೆಯ ಎಲಿವೇಟೆಡ್ ರಸ್ತೆ ಹತ್ತಿದರೆ ಕಾರು ತೇಲುತ್ತದೆ ಅಂದೆ. ಸೇತುವೆಯ ಒಂದೊಂದು ಜಾಯಿಂಟ್ ದಾಟಿದಾಗಲೂ ಮೂತಿ ಏಳುತ್ತದೆ, ಕುಸಿಯುತ್ತದೆ, ಮತ್ತೆ ಏಳುತ್ತದೆ, ಅಷ್ಟರಲ್ಲಿ ಮುಂದಿನ ಜಾಯಿಂಟ್ ಬಂದಿರುತ್ತದೆ. ಲೇನ್ ಬದಲಿಸಿದರೆ ಮೈ ಒಂದು ಕಡೆ ವಾಲಿ, ನಿಧಾನಕ್ಕೆ ಸುಧಾರಿಸಿಕೊಳ್ಳುತ್ತದೆ. ನೀನು ಊರಿಗೆ ಹೋದ ಮೇಲೆ ನಾನೂ ಓಡಿಸಿ ನೋಡಿದೆ, ನೀನು ಹೇಳಿದ್ದು ನಿಜ. ಆದರೆ ಎತ್ತರ ಅದಕ್ಕೆ ಕಾರಣವಲ್ಲ. ಕಾರು ಹೊಸದಾಗಿದ್ದಾಗಲೂ ಇಷ್ಟೇ ಎತ್ತರವಿತ್ತು, ಆಗ ಹೀಗೆ ತೇಲುತ್ತಿರಲಿಲ್ಲ. ಮುಂದಿನ ಎಡ ಸ್ಟ್ರಟ್‌ನ ಮೈಮೇಲೆ ಎಣ್ಣೆ ಜಿನುಗಿ, ಅದರ ಮೇಲೆ ಧೂಳು ಮೆತ್ತಿ ಕಪ್ಪಗಾಗಿದೆ. ಟಾರ್ಚ್ ಹಿಡಿದು ನೋಡಿದೆ. ಸವೆದಿರುವುದು ಆ ಸ್ಟ್ರಟ್ಟಿನೊಳಗಿನ ಶಾಕ್.

ಎಚ್‌ಎಂಟಿ ವಾಚ್ ಫ್ಯಾಕ್ಟರಿಯಲ್ಲಿ ನನ್ನ ಕೆಲಸ ಪೂರ್ತಿ ಸ್ಪ್ರಿಂಗ್ ಜೊತೆಗೇ ಕಳೆಯಿತು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಶುರುವಾದ ಕಾರ್ಖಾನೆ ಅದು. ಕೀ ಕೊಡುವ ವಾಚಿನೊಳಗೆ ಹೇರ್‌ಸ್ಪ್ರಿಂಗ್ ಒಂದು ಕ್ಷಣವೂ ಬಿಡದೆ ಆಡುತ್ತಲೇ ಇರಬೇಕು, ಅದನ್ನು ತಡೆಯುವ ಒಂದು ಹನಿ ಹೆಚ್ಚಿನ ಎಣ್ಣೆಯೂ ಅಲ್ಲಿ ಶತ್ರು. ಕಾರಿನಲ್ಲಿ ಇದಕ್ಕೆ ಪೂರಾ ಉಲ್ಟಾ. ಸ್ಪ್ರಿಂಗ್ ಒಂದು ಸಲ ಕುಗ್ಗಿ, ಒಂದು ಸಲ ಹಿಗ್ಗಿ, ಅಲ್ಲಿಗೆ ಸುಮ್ಮನಾಗಬೇಕು. ಸುಮ್ಮನಾಗಿಸುವುದು ಶಾಕಿನೊಳಗಿನ ಎಣ್ಣೆ. ಪಿಸ್ಟನ್ನಿನ ಸಣ್ಣ ತೂತುಗಳಲ್ಲಿ, ವಾಲ್ವುಗಳಲ್ಲಿ ನುಸುಳುತ್ತಾ ಅದು ಸ್ಪ್ರಿಂಗಿನ ಆಟವನ್ನೆಲ್ಲ ಬಿಸಿಯಾಗಿ ಕರಗಿಸಿಬಿಡುತ್ತದೆ. ಭಾರ ಹೊರುವುದು ಸ್ಪ್ರಿಂಗ್, ಅದನ್ನು ಹದ್ದುಬಸ್ತಿನಲ್ಲಿಡುವುದು ಶಾಕ್. ನಿನ್ನ ಕಾರಿನಲ್ಲಿ ಹದ್ದುಬಸ್ತಿನಲ್ಲಿಡುವವನೇ ಸೋತಿದ್ದಾನೆ. ಅವನ ಕೈಗೆ ಇನ್ನೂ ಗಟ್ಟಿಯಾದ ಸ್ಪ್ರಿಂಗ್ ಕೊಡಲು ಹೊರಟಿದ್ದೀಯ.

ತಗ್ಗಿಸುವ ಸ್ಪ್ರಿಂಗ್ ಗಟ್ಟಿ ಇರಲೇಬೇಕು. ಮೂವತ್ತು ಮಿಲಿಮೀಟರ್ ಇಳಿಸಿದರೆ ಚಕ್ರ ಮೇಲಕ್ಕೆ ಹೋಗಲು ಇರುವ ಜಾಗವೂ ಅಷ್ಟೇ ಕಡಿಮೆಯಾಗುತ್ತದೆ. ಉಳಿದ ಸ್ವಲ್ಪ ಜಾಗದಲ್ಲೇ ಗುಂಡಿಯ ಪೆಟ್ಟನ್ನೆಲ್ಲ ನುಂಗಬೇಕಲ್ಲ. ಈಗಿನದಕ್ಕಿಂತ ಕಾಲು ಭಾಗ ಗಟ್ಟಿ ಎಂದಿಟ್ಟುಕೊಂಡು ಲೆಕ್ಕ ಹಾಕಿದೆ. ಅದೇ ಶಾಕ್ ಇಟ್ಟುಕೊಂಡರೆ ಅದರ ಹಿಡಿತ ಹತ್ತರಲ್ಲಿ ಒಂದು ಪಾಲು ಕಡಿಮೆಯಾಗುತ್ತದೆ. ಹೊಸ ಶಾಕಾಗಿದ್ದರೆ ಅಷ್ಟು ನಷ್ಟವನ್ನು ಹೇಗೋ ತಡೆದುಕೊಳ್ಳುತ್ತಿತ್ತು, ಎಣ್ಣೆ ಜಿನುಗುವ ಶಾಕ್ ತಡೆಯುವುದಿಲ್ಲ. ಇನ್ನೊಂದು ಸಂಗತಿಯನ್ನು ಅಂಗಡಿಯವರು ಹೇಳುವುದು ಕಡಿಮೆ. ಶಾಕಿನ ರಾಡ್ ಮೂಲ ಎತ್ತರಕ್ಕೆಂದು ಅಳೆದು ಮಾಡಿದ್ದು. ಮೈ ತಗ್ಗಿದರೆ ಅದು ಸದಾ ಒಳಗೇ ಹೂತುಕೊಂಡಿರುತ್ತದೆ, ಬಂಪ್ ಸ್ಟಾಪ್ ಎಂಬ ರಬ್ಬರ್ ತಡೆಗೆ ಮೂಗು ತಾಗಿಸಿಕೊಂಡೇ ಓಡುತ್ತದೆ. ಸಣ್ಣ ಗುಂಡಿಗೂ ದಡ್ ಎಂದು ಬಡಿಯುತ್ತದೆ. ನಾಲ್ಕು ದಿನ "ಕಾರು ಟೈಟಾಗಿದೆ" ಅನ್ನಿಸುತ್ತದೆ ಪುಟ್ಟಿ, ಆದರೆ ಆ ಟೈಟು ರಬ್ಬರಿನದು, ಸ್ಪ್ರಿಂಗಿನದಲ್ಲ. ಈ ಕಾರಣಕ್ಕೇ ಜರ್ಮನಿಯ ಬಿಲ್‌ಸ್ಟೈನ್‌ನವರು ಎರಡು ಬಗೆ ಮಾಡಿಟ್ಟಿದ್ದಾರೆ, ಮೂಲ ಎತ್ತರದ ಸ್ಪ್ರಿಂಗಿಗೆ ಬಿ6, ತಗ್ಗಿಸಿದ ಸ್ಪ್ರಿಂಗಿಗೆ ಗಿಡ್ಡ ಮೈಯ ಬಿ8. ಯಾವುದೇ ಶಾಕ್ ನಡೆಯುವಂತಿದ್ದರೆ ಅವರು ಎರಡೆರಡು ಯಾಕೆ ಮಾಡುತ್ತಿದ್ದರು?

ಆದ್ದರಿಂದ "ಆಮೇಲೆ ನೋಡೋಣ" ಎನ್ನುವ ಹಾಗಿಲ್ಲ. ಎಷ್ಟು ಎತ್ತರ ಅನ್ನುವುದನ್ನು ಮೊದಲೇ ತೀರ್ಮಾನಿಸದಿದ್ದರೆ ಯಾವ ಶಾಕ್ ಕೊಳ್ಳಬೇಕು ಎಂಬುದೇ ತಿಳಿಯುವುದಿಲ್ಲ.

ಎತ್ತರದ ಮಾತಿಗೆ ಬಂದೆನಲ್ಲ, ಇಲ್ಲಿ ನಮ್ಮ ರಸ್ತೆಗಳು ಮಾತಾಡಬೇಕು. ಹಂಪ್ ಹೇಗಿರಬೇಕು ಎನ್ನುವುದಕ್ಕೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ 1988ರಲ್ಲೇ ಅಳತೆ ಕೊಟ್ಟಿತ್ತು: ಅಗಲ 3.7 ಮೀಟರ್, ಎತ್ತರ 10 ಸೆಂಟಿಮೀಟರ್, 17 ಮೀಟರ್ ತ್ರಿಜ್ಯದ ಬಾಗು, ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ದಾಟುವಂತೆ. ಈ ಅಳತೆಯ ಸೊಗಸನ್ನು ಕಾಗದದ ಮೇಲೆ ಬರೆದು ನೋಡಿದೆ. ನಮ್ಮ ಹೋಂಡಾ ಸಿಟಿ ಕಾರಿನ ಎರಡು ಆಕ್ಸಲ್‌ಗಳ ನಡುವಿನ ದೂರ 2.6 ಮೀಟರ್. ಹಂಪ್ ಅದಕ್ಕಿಂತ ಅಗಲವಾದ್ದರಿಂದ ಹೊಟ್ಟೆ ನೆತ್ತಿಯ ಮೇಲೆ ಬಂದಾಗ ನಾಲ್ಕೂ ಚಕ್ರ ಹಂಪಿನ ಮೇಲೆಯೇ ಇರುತ್ತವೆ. ಹಾಗಾಗಿ ಹತ್ತು ಸೆಂಟಿಮೀಟರ್ ಹಂಪ್ ಹೊಟ್ಟೆಯ ಕೆಳಗಿನಿಂದ ಕಸಿಯುವುದು ಐದೇ ಸೆಂಟಿಮೀಟರ್. ಯಾರೋ ತಿಳಿದವರು ಕೂತು ಯೋಚಿಸಿದ ಅಳತೆ, ಓದಿದರೆ ಕೈಮುಗಿಯುವ ಹಾಗಿದೆ.

ನಮ್ಮ ಕ್ರಾಸುಗಳಲ್ಲಿ ಅಂಥ ಹಂಪ್ ಎಲ್ಲಿದೆ ಹೇಳು. ದಿಣ್ಣೂರು ಮೇನ್ ರೋಡಿನಿಂದ ಒಳಕ್ಕೆ ತಿರುಗಿದರೆ, ಸುಲ್ತಾನಪಾಳ್ಯದ ಕಡೆ ಹೋದರೆ, ಗಂಗಾನಗರದ ಒಳರಸ್ತೆ ಹಿಡಿದರೆ ಸಿಗುವುದು ಮೊಣಕೈ ಅಗಲದ, ನೆಟ್ಟಗೆ ಎದ್ದ ಹಂಪ್‌ಗಳು. ಪೈಪಿಗೆ ಅಗೆದು ಮುಚ್ಚಿದ ಮೇಲೆ ಉಳಿದ ಡಾಂಬರಿನ ದಿಬ್ಬಗಳು ಬೇರೆ. ಇಂಥದರಲ್ಲಿ ಮುಂದಿನ ಚಕ್ರ ಆಚೆ, ಹಿಂದಿನ ಚಕ್ರ ಈಚೆ ಸಪಾಟು ನೆಲದ ಮೇಲಿರುತ್ತದೆ, ಹಂಪಿನ ಹತ್ತೂ ಸೆಂಟಿಮೀಟರ್ ಹೊಟ್ಟೆಗೇ ಬರುತ್ತದೆ. ಈಗ ಲೆಕ್ಕ ಹಾಕು. ಖಾಲಿ ಕಾರಿನ ಗ್ರೌಂಡ್ ಕ್ಲಿಯರೆನ್ಸ್ 165 ಮಿಲಿಮೀಟರ್. ಐದು ಜನ ಕೂತು ಡಿಕ್ಕಿ ತುಂಬಿದರೆ ನಡುಭಾಗ ಒಂದು 40 ಇಳಿಯುತ್ತದೆ ಎಂದಿಟ್ಟುಕೋ. ಹಂಪಿನ 100 ಕಳೆದರೆ 25 ಉಳಿಯುತ್ತದೆ. ನಿನ್ನ ಸ್ಪ್ರಿಂಗ್ ಹಾಕಿದರೆ ಶುರುವಾಗುವುದೇ 135ರಿಂದ. ಸ್ಪ್ರಿಂಗ್ ಗಟ್ಟಿಯಾದ್ದರಿಂದ ಭಾರಕ್ಕೆ 40ರ ಬದಲು 32 ಇಳಿಯಲಿ, ನ್ಯಾಯವಾಗಿ ಅದನ್ನೂ ಹಿಡಿದಿದ್ದೇನೆ. ಉಳಿಯುವುದು ಮೂರು. ಮೂರು ಮಿಲಿಮೀಟರ್, ಅದೂ ಕಾರು ನಿಂತಿದ್ದರೆ. ಬ್ರೇಕ್ ಮೇಲೆ ಕಾಲಿಟ್ಟು ಇಳಿಸುವಾಗ ಮೂತಿ ತಗ್ಗುತ್ತದಲ್ಲ, ಆಗ ಅದೂ ಇಲ್ಲ.

ಆ ಐದು ಜನರಲ್ಲಿ ಒಬ್ಬರು ಅಮ್ಮ. ಬೆನ್ನಿನ ಡಿಸ್ಕ್ ತೊಂದರೆಯಾದ ಮೇಲೆ ಹಿಂದಿನ ಸೀಟಿನಲ್ಲಿ ದಿಂಬು ಇಟ್ಟುಕೊಂಡೇ ಕೂರುತ್ತಾಳೆ. ಫಿಸಿಯೊಥೆರಪಿಗೆ ಕರೆದುಕೊಂಡು ಹೋಗುವಾಗ ಹಿಂದಿನ ಚಕ್ರ ಗುಂಡಿಗೆ ಇಳಿಯುವ ಮೊದಲೇ ಅವಳ ಕೈ ಬಾಗಿಲ ಹಿಡಿಯನ್ನು ಹಿಡಿದಿರುತ್ತದೆ. ಕನ್ನಡಿಯಲ್ಲಿ ಅದನ್ನು ನೋಡುತ್ತಾ ಓಡಿಸುವವನು ನಾನು. ಒಳ್ಳೆಯ ಶಾಕ್ ಹಾಕಿದರೆ ಅವಳಿಗೂ ಸುಖ, ನಿನಗೂ ತಿರುವಿನಲ್ಲಿ ಹಿಡಿತ. ಬಂಪ್ ಸ್ಟಾಪ್ ಮೇಲೆ ಓಡುವ ಕಾರು ಇಬ್ಬರಿಗೂ ಆಗುವುದಿಲ್ಲ.

ತಿರುವಿನ ವಿಚಾರಕ್ಕೂ ಬರೋಣ, ನಂದಿ ಬೆಟ್ಟದ ರಸ್ತೆಯಲ್ಲಿ ವಾಲಬಾರದು ಎನ್ನುವುದೇ ನಿನ್ನ ಆಸೆ. ತಗ್ಗಿಸಿದರೆ ವಾಲುವುದು ಕಡಿಮೆಯಾಗುತ್ತದೆ ಎಂದು ಎಲ್ಲರೂ ನಂಬಿದ್ದಾರೆ, ಅರ್ಧ ಮಾತ್ರ ನಿಜ. ನಮ್ಮ ಕಾರಿನ ಮುಂದೆ ಇರುವುದು ಮ್ಯಾಕ್‌ಫರ್ಸನ್ ಸ್ಟ್ರಟ್. ಅರ್ಲ್ ಮ್ಯಾಕ್‌ಫರ್ಸನ್ ಎಂಬ ಅಮೆರಿಕನ್ ಎಂಜಿನಿಯರ್ 1940ರ ದಶಕದಲ್ಲಿ ರೂಪಿಸಿದ್ದು. ಸ್ಪ್ರಿಂಗನ್ನೂ ಶಾಕನ್ನೂ ಒಂದೇ ಕಂಬದಲ್ಲಿ ಕೂಡಿಸಿ, ಆ ಕಂಬಕ್ಕೇ ಚಕ್ರವನ್ನೂ ಹಿಡಿಸಿಬಿಟ್ಟ. ಜಾಗ ಉಳಿಯಿತು, ಬಿಡಿಭಾಗ ಕಡಿಮೆಯಾಯಿತು, 1983ರಲ್ಲಿ ಬಂದ ನಮ್ಮ ಮಾರುತಿ 800ರ ಮುಂದೆಯೂ ಅದೇ ಇತ್ತು. ಆದರೆ ಇದಕ್ಕೊಂದು ಸ್ವಭಾವವಿದೆ. ಮೈ ತಗ್ಗಿದಂತೆ ಲೋಯರ್ ಆರ್ಮ್‌ನ ಓರೆ ಬದಲಾಗುತ್ತದೆ, ಕಾರು ಯಾವ ಬಿಂದುವಿನ ಸುತ್ತ ವಾಲುತ್ತದೋ ಆ ರೋಲ್ ಸೆಂಟರ್ ಭಾರಕೇಂದ್ರಕ್ಕಿಂತ ಬೇಗ ಕೆಳಗಿಳಿಯುತ್ತದೆ. ಎರಡರ ನಡುವಿನ ಅಂತರ ಬೆಳೆದಷ್ಟೂ ವಾಲಿಸುವ ಬಲಕ್ಕೆ ಸನ್ನೆಕೋಲು ಉದ್ದವಾಗುತ್ತದೆ. ಗಟ್ಟಿ ಸ್ಪ್ರಿಂಗ್ ಅದನ್ನು ಮರೆಮಾಡುತ್ತದೆ ಅಷ್ಟೇ. ಸ್ವಲ್ಪ ತಗ್ಗಿಸಿದರೆ ಲಾಭ, ತೀರಾ ತಗ್ಗಿಸಿದರೆ ಕೈಗೆ ಬಂದದ್ದು ಹೋಗುತ್ತದೆ.

ಹಾಗಾಗಿ ಎರಡು ದಾರಿ ಹೇಳುತ್ತೇನೆ, ಆಯ್ಕೆ ನಿನ್ನದು, ಕಾರೂ ನಿನ್ನದು. ನನ್ನ ಮನಸ್ಸು ಇರುವುದು ಮೊದಲನೆಯದರ ಮೇಲೆ: ಸ್ಪ್ರಿಂಗ್ ಈಗಿನದೇ ಇರಲಿ, ನಾಲ್ಕೂ ಕಡೆ ಮೂಲ ಉದ್ದದ, ವಾಲ್ವ್ ಸ್ವಲ್ಪ ಬಿಗಿಯಾದ ಒಳ್ಳೆಯ ಶಾಕ್ ಹಾಕೋಣ. ನೀನು ಹೇಳಿದ ತೇಲಾಟದ ಬಹುಪಾಲು ಅಲ್ಲೇ ಮುಗಿಯುತ್ತದೆ ಎಂಬುದು ನನ್ನ ನಂಬಿಕೆ. ಎರಡನೆಯದು, ತಗ್ಗಿಸಲೇಬೇಕು ಎಂದಿದ್ದರೆ 20 ಮಿಲಿಮೀಟರಿಗಿಂತ ಹೆಚ್ಚು ಬೇಡ. ಅದೇ ಲೆಕ್ಕದಲ್ಲಿ 13 ಉಳಿಯುತ್ತದೆ, ನಾನು ಹಂಪ್‌ಗಳನ್ನು ಓರೆಯಾಗಿ ಹತ್ತಿಸಿ ನಿಭಾಯಿಸುತ್ತೇನೆ. ಆದರೆ ಸ್ಪ್ರಿಂಗೂ ಗಿಡ್ಡ ಶಾಕೂ ಒಬ್ಬರೇ ತಯಾರಕರ ಜೋಡಿಯಾಗಿರಬೇಕು, ಅಲ್ಲೊಂದು ಇಲ್ಲೊಂದು ಬೇಡ. ಒಳ್ಳೆಯ ಹೆಸರು ಇರುವ ಕಡೆ ನಕಲಿಯೂ ಇರುತ್ತದೆ, ಪೆಟ್ಟಿಗೆ ನೋಡಿ ಮರುಳಾಗದೆ ಪಾರ್ಟ್ ನಂಬರ್ ನೋಡಿ ಕೊಳ್ಳು.

ಯಾರಾದರೂ "ಇರೋ ಸ್ಪ್ರಿಂಗಿನದೇ ಒಂದು ಸುತ್ತು ಕಟ್ ಮಾಡಿಕೊಡ್ತೀನಿ ಮೇಡಂ" ಅಂದರೆ ಅಲ್ಲಿಂದ ಎದ್ದು ಬಾ. ಗ್ಯಾಸ್ ಹಿಡಿದರೆ ಉಕ್ಕಿನ ಹದ ಹೋಗುತ್ತದೆ. ಗ್ರೈಂಡರಿನಲ್ಲಿ ಕತ್ತರಿಸಿದರೂ ತುದಿ ಸೀಟಿನಲ್ಲಿ ಸರಿಯಾಗಿ ಕೂರುವುದಿಲ್ಲ, ಚಕ್ರ ಗಾಳಿಯಲ್ಲಿ ಇಳಿಬಿದ್ದಾಗ ಸ್ಪ್ರಿಂಗ್ ಸಡಿಲವಾಗಿ ಜಾಗ ತಪ್ಪಬಹುದು.

ಕಾನೂನನ್ನೂ ತಿಳಿದುಕೊಂಡಿರು. ತಯಾರಕರು ಕೊಟ್ಟ ವಿವರಕ್ಕೂ ಆರ್.ಸಿ.ಯಲ್ಲಿರುವುದಕ್ಕೂ ವ್ಯತ್ಯಾಸ ಬರುವಂತೆ ವಾಹನವನ್ನು ಬದಲಿಸಬಾರದು ಎನ್ನುತ್ತದೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನು ಬಿಗಿಯಾಗಿ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ, ಅನುಮತಿಯಿಲ್ಲದ ಒಂದೊಂದು ಬದಲಾವಣೆಗೂ ಮಾಲೀಕರಿಗೆ ಐದು ಸಾವಿರ ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆ, ಇಲ್ಲವೇ ಎರಡೂ ಎಂದು ಸೇರಿಸಿದರು. ಸವೆದ ಶಾಕ್ ಬದಲಿಸುವುದು ದುರಸ್ತಿ. ಕಾರಿನ ಎತ್ತರ ಬದಲಿಸುವುದಕ್ಕೆ ಮೊದಲು ಯಶವಂತಪುರದ ಆರ್.ಟಿ.ಒ. ಕಚೇರಿಯಲ್ಲಿ ವಿಚಾರಿಸಿಕೊಂಡು, ವಿಮೆಯವರಿಗೂ ಬರವಣಿಗೆಯಲ್ಲಿ ತಿಳಿಸು. ನಾನು ಮೊದಲನೆಯ ದಾರಿ ಹಿಡಿಯಲು ಇದೂ ಒಂದು ಕಾರಣ.

ಇನ್ನು ಕೆಲಸ. ಎರಡು ದಾರಿಯಲ್ಲಿ ಯಾವುದಾದರೂ ಸರಿ, ಶಾಕ್ ಜೊತೆಗೆ ಮೇಲಿನ ಸ್ಟ್ರಟ್ ಮೌಂಟ್, ಅದರ ಬೇರಿಂಗ್, ಬಂಪ್ ಸ್ಟಾಪ್, ಧೂಳು ತಡೆಯುವ ಬೂಟ್ ಎಲ್ಲ ಹೊಸದು ತರಿಸು. ಬಿಚ್ಚುವ ಕೂಲಿ ಒಂದೇ, ಹಳೆಯ ಮೌಂಟ್ ಹೊಸ ಶಾಕನ್ನು ಕಟಕಟ ಅನ್ನಿಸುತ್ತದೆ. ಸ್ಪ್ರಿಂಗ್ ಕಂಪ್ರೆಸರ್ ಹಾಕುವಾಗ ಎರಡು ಕೊಕ್ಕೆಗಳೂ ಎದುರುಬದುರಾಗಿರಲಿ, ಎರಡನ್ನೂ ಸರಿಸಮವಾಗಿ ಸ್ವಲ್ಪ ಸ್ವಲ್ಪವೇ ತಿರುಗಿಸು. ಒತ್ತಿಹಿಡಿದ ಸ್ಪ್ರಿಂಗಿನ ಬಾಯಿಗೆ ಎದುರಾಗಿ ನಿಲ್ಲಬೇಡ, ಯಾರನ್ನೂ ನಿಲ್ಲಿಸಬೇಡ. ಇದು ತಂದೆಯ ಕಟ್ಟಪ್ಪಣೆ ಎಂದೇ ತಿಳಿ. ಮೇಲಿನ ನಟ್ಟಿಗೆ ಏರ್ ಗನ್ ಹಿಡಿಯಬಾರದು, ರಾಡ್ ಗಿರಗಿರನೆ ತಿರುಗಿ ಹೊಸ ಸೀಲ್ ಅಂದೇ ಹಾಳಾಗುತ್ತದೆ. ರಾಡನ್ನು ಅಲೆನ್ ಕೀಯಿಂದ ಹಿಡಿದು ಕೈಯಲ್ಲೇ ಬಿಗಿ ಮಾಡು. ಲೋಯರ್ ಆರ್ಮ್ ಬೋಲ್ಟ್ ಸಡಿಲಿಸಿದ್ದರೆ ಅದರ ಕೊನೆಯ ಬಿಗಿ ಚಕ್ರ ನೆಲ ಮುಟ್ಟಿದ ಮೇಲೆಯೇ. ಜಾಕಿನ ಮೇಲೆ ಬಿಗಿ ಮಾಡಿದರೆ ಬುಷ್‌ನ ರಬ್ಬರ್ ಸದಾ ತಿರುಚಿಕೊಂಡೇ ಉಳಿದು ಬೇಗ ಹರಿಯುತ್ತದೆ.

ಕೆಲಸ ಮುಗಿದ ದಿನವೇ ಅಲೈನ್‌ಮೆಂಟಿಗೆ ಹೋಗಬೇಡ. ವಾರ ಓಡಿಸಿ, ರಬ್ಬರೆಲ್ಲ ಕೂತ ಮೇಲೆ ಮಾಡಿಸೋಣ, ಅಲ್ಲಿಯವರೆಗೆ ದೂರ ಪ್ರಯಾಣ ಇಟ್ಟುಕೊಳ್ಳಬೇಡ. ಟೈರಿನ ಒಳ ಅಂಚನ್ನು ತಿನ್ನುವುದು ಬಹಳ ಸಲ ಟೋ, ಅಂದರೆ ಚಕ್ರದ ಮೂತಿ ಒಳಕ್ಕೋ ಹೊರಕ್ಕೋ ತಿರುಗಿರುವ ಅಳತೆ, ತಪ್ಪಿದ್ದರಿಂದ. ಮೊದಲಿನ ಅಳತೆ, ಆಮೇಲಿನ ಅಳತೆ ಎರಡೂ ಇರುವ ಪ್ರಿಂಟ್ ಕೇಳಿ ತೆಗೆದುಕೊಳ್ಳಬೇಕು. ಮುಂದಿನ ಎರಡು ಚಕ್ರದ ಟೋ ಅಂಕಿಗಳನ್ನು ಮೊದಲು ನನಗೆ ಓದಿ ಹೇಳು, ಆಮೇಲೆ ದುಡ್ಡು ಕೊಡು.

ನಿನ್ನ ಉತ್ತರ ಬಂದ ಮೇಲೆ ಶಾಕ್‌ಗಳ ದುಡ್ಡಿನಲ್ಲಿ ಅರ್ಧ ನಾನು ಹಾಕುತ್ತೇನೆ. ಬೇಡ ಅನ್ನಬೇಡ, ಆ ಕಾರಿನಲ್ಲಿ ಹೆಚ್ಚು ಓಡಾಡುವವರು ನಾವೇ. ಅಮ್ಮ ಚಕ್ಕುಲಿ ಹಿಟ್ಟು ಬೀಸಿಸಿಟ್ಟಿದ್ದಾಳೆ, ಯಾವ ರೈಲಿಗೆ ಬುಕ್ ಮಾಡಿದ್ದೀಯ ಎಂದು ಕೇಳುತ್ತಿದ್ದಾಳೆ. ಅದನ್ನೂ ಬರೆ.

ನಿನ್ನ ಪ್ರೀತಿಯ
ಅಪ್ಪ